ಪಿಸ್ತೂಲಿನ ಪರವಾನಗಿಯೂ ಶ್ರಾವಕನ ಅಣುವ್ರತವೂ

ಸರ್ಕಾರ ಅನುಮತಿಸಿದ್ದೆಲ್ಲವೂ ಧರ್ಮಸಮ್ಮತವೆಂದು ತಿಳಿಯುವುದು ಗೃಹಸ್ಥನು ಬಹು ಸುಲಭವಾಗಿ ಮಾಡುವ ತಪ್ಪು. ಮದ್ಯದ ಅಂಗಡಿಗೂ ಪರವಾನಗಿಯುಂಟು, ಕಸಾಯಿಖಾನೆಗೂ ಪರವಾನಗಿಯುಂಟು. ಆ ಪರವಾನಗಿಯನ್ನು ಮುಂದಿಟ್ಟು ತನ್ನ ಶ್ರಾವಕಧರ್ಮಕ್ಕೆ ಚ್ಯುತಿ ಬಂದಿಲ್ಲವೆಂದು ವಾದಿಸುವವನ ಮಾತನ್ನು ಜೈನ ಸಮಾಜ ಒಪ್ಪಲಾರದು. ಆದರೆ ಪಿಸ್ತೂಲಿನ ಪರವಾನಗಿಯ ವಿಷಯ ಬಂದಾಗ ಮಾತ್ರ ಈ ವಿವೇಕ ಮಂಕಾಗುತ್ತದೆ. ‘ಕಾನೂನುಬದ್ಧವಾಗಿ ಇಟ್ಟುಕೊಂಡರೆ ತಪ್ಪೇನು?’ ಎಂಬ ಪ್ರಶ್ನೆಯೇ ಉತ್ತರವೆಂಬಂತೆ ಉಚ್ಚರಿಸಲ್ಪಡುತ್ತದೆ. ಆ ಪ್ರಶ್ನೆಗೆ ಉತ್ತರವಿದೆ. ಅದನ್ನು ಸ್ಪಷ್ಟವಾಗಿ ಹೇಳಬೇಕಾದ ಕಾಲವೂ ಬಂದಿದೆ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳಂತಹ ಊರುಗಳಲ್ಲಿ ಈ ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಕಣಜವೆನಿಸಿತು. ಅಕ್ಕಿ ಗಿರಣಿಗಳು, ಅಡತಿ ಅಂಗಡಿಗಳು, ಬಟ್ಟೆ ಮತ್ತು ಬಂಗಾರದ ವ್ಯಾಪಾರ ಬೆಳೆದವು. ಸುಗ್ಗಿಯ ಕಾಲದಲ್ಲಿ ಗಲ್ಲಾಪೆಟ್ಟಿಗೆ ತುಂಬುತ್ತದೆ. ರಾತ್ರಿ ಮನೆಗೆ ಮರಳುವ ದಾರಿ ಕತ್ತಲೆಯದಾಗಿರುತ್ತದೆ. ಹಣವಿರುವಲ್ಲಿ ಭಯವಿರುವುದು ಸಹಜ. ಭಯವಿರುವಲ್ಲಿ ‘ಒಂದು ರಿವಾಲ್ವರ್ ಇದ್ದರೆ ಧೈರ್ಯ’ ಎಂಬ ಸಲಹೆ ಕೇಳಿಬರುವುದೂ ಸಹಜ. ಸಹಜವಾದುದೆಲ್ಲ ಸರಿಯಲ್ಲವೆಂಬುದನ್ನು ಕಲಿಸಲೆಂದೇ ಧರ್ಮವಿರುವುದು.

ಮೊದಲಿಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವಂತಿಲ್ಲ. 21 ವರ್ಷ ತುಂಬದವರು, ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಕಾಯ್ದೆ ನಿಗದಿಪಡಿಸಿದ ಶಿಕ್ಷೆಗೆ ಗುರಿಯಾದವರು, ಬುದ್ಧಿಸ್ವಾಸ್ಥ್ಯವಿಲ್ಲದವರು ಅನರ್ಹರು. ಬೆಂಗಳೂರಿನಂತಹ ನಗರಗಳಲ್ಲಿ ಪೊಲೀಸ್ ಆಯುಕ್ತರೂ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳೂ ಪರವಾನಗಿ ನೀಡುವ ಅಧಿಕಾರಿಗಳು. ಸಿಂಧನೂರಿನ ಅರ್ಜಿದಾರ ರಾಯಚೂರಿನ ಜಿಲ್ಲಾಧಿಕಾರಿಗಳ ಕಚೇರಿಗೇ ಹೋಗಬೇಕು. ಠಾಣೆಯ ವಿಚಾರಣಾ ವರದಿ ಬಂದ ಮೇಲೆಯೇ ನಿರ್ಣಯವಾಗಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಇದಕ್ಕೆ ಇನ್ನಷ್ಟನ್ನು ಸೇರಿಸಿದವು. ಅರ್ಜಿದಾರ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದಿರಬೇಕು. ದೇಹ ಮತ್ತು ಮನಸ್ಸಿನ ಆರೋಗ್ಯದ ಪ್ರಮಾಣಪತ್ರ ಒದಗಿಸಬೇಕು. ಆಯುಧ ಅನ್ಯರ ಕೈಗೆ ಸಿಗದಂತೆ ಭದ್ರವಾಗಿ ಇಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಏರಿಸಿತು.

ಯಾರಿಗೆ ಪರವಾನಗಿ ಕೊಡಬಹುದು ಎಂಬುದನ್ನೂ 2016ರ ನಿಯಮಗಳು ಹೇಳುತ್ತವೆ. ವೃತ್ತಿ ಅಥವಾ ವ್ಯಾಪಾರದ ಸ್ವರೂಪದಿಂದಲೇ ಪ್ರಾಣ ಮತ್ತು ಆಸ್ತಿಯ ರಕ್ಷಣೆಗೆ ನಿಜವಾದ ಅಗತ್ಯವುಳ್ಳವರನ್ನು ಪರಿಗಣಿಸಬಹುದು. ಸೇನೆ ಮತ್ತು ಪೊಲೀಸ್ ದಳಗಳಲ್ಲಿ ಸೇವೆ ಸಲ್ಲಿಸಿದವರನ್ನು ಪರಿಗಣಿಸಬಹುದು. ಇವರೊಂದಿಗೆ, ಪರವಾನಗಿ ಪಡೆದ ಶೂಟಿಂಗ್ ಕ್ಲಬ್ಬಿನಲ್ಲಿ ಅಥವಾ ರೈಫಲ್ ಸಂಘದಲ್ಲಿ ಕಳೆದ 2 ವರ್ಷಗಳಿಂದ ಸಕ್ರಿಯ ಸದಸ್ಯನಾಗಿದ್ದು ಗುರಿ ಅಭ್ಯಾಸವನ್ನು ಕ್ರಮಬದ್ಧವಾಗಿ ಮುಂದುವರಿಸಬಯಸುವ ನಿಷ್ಠಾವಂತ ಕ್ರೀಡಾಪಟುವನ್ನೂ ಪರಿಗಣಿಸಬಹುದು. ಮೂರನೆಯದಾದ ಈ ಬಾಗಿಲೇ ವಿವಾದದ ಮೂಲ. ಪ್ರಾಣಭಯವನ್ನು ಅಧಿಕಾರಿಗಳ ಮುಂದೆ ಸಾಬೀತುಪಡಿಸುವುದು ಕಷ್ಟ. ಕ್ಲಬ್ಬಿಗೆ ವಾರ್ಷಿಕ ಚಂದಾ ಕಟ್ಟುವುದು ಸುಲಭ. ಹೀಗಾಗಿ ಕ್ರೀಡೆಯ ಬಾಗಿಲಿನಿಂದ ಒಳಹೊಕ್ಕು ಪಿಸ್ತೂಲನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಡುವ ಯೋಚನೆ ಚತುರ ವ್ಯಾಪಾರಿಯ ತಲೆಯಲ್ಲಿ ಮೂಡುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗುರಿ ಅಭ್ಯಾಸದ ಕ್ರೀಡೆಯನ್ನೇ ಹಿಂಸೆಯೆಂದು ಹಳಿಯುವುದು ನ್ಯಾಯವಲ್ಲ. ಕಾಗದದ ಮೇಲಿನ ಕಪ್ಪು ವರ್ತುಲವನ್ನು ಭೇದಿಸುವವನು ಯಾವ ಜೀವಿಯ ಪ್ರಾಣವನ್ನೂ ಹರಿಸುವುದಿಲ್ಲ. ಅದಕ್ಕೆ ಬೇಕಾದ ಶ್ವಾಸನಿಯಂತ್ರಣ, ಚಿತ್ತದ ಏಕಾಗ್ರತೆ, ಶರೀರದ ನಿಶ್ಚಲತೆಗಳು ಪ್ರಶಂಸಾರ್ಹವಾದ ಗುಣಗಳೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಪಡೆದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಏರ್ ಪಿಸ್ತೂಲು ಎಂದರೆ ಗಾಳಿಯ ಒತ್ತಡದಿಂದ 4.5 ಮಿ.ಮೀ. ಗಾತ್ರದ ಸೀಸದ ಗುಳಿಗೆಯನ್ನು ಹಾರಿಸುವ ಸಾಧನ. ಆ ಗಾತ್ರವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ಆಯುಧಗಳಿಗೆ ಬಂದೂಕಿನ ಪರವಾನಗಿಯ ಅಗತ್ಯವೇ ಇಲ್ಲ.

ಇದರಿಂದ ಹೊರಡುವ ತೀರ್ಮಾನ ಸರಳವಾದುದು. ಜೈನ ಕುಟುಂಬದ ಬಾಲಕನೋ ಬಾಲಕಿಯೋ ಈ ಕ್ರೀಡೆಯಲ್ಲಿ ಹೆಸರು ಮಾಡಬಯಸಿದರೆ ಮದ್ದು ತುಂಬಿದ ಆಯುಧ ಮನೆಗೆ ಬರಬೇಕಾಗಿಲ್ಲ. ಅಭ್ಯಾಸ ಕ್ಲಬ್ಬಿನ ಅಂಗಳದಲ್ಲಿ ನಡೆಯಲಿ, ತರಬೇತುದಾರರ ಕಣ್ಣೆದುರಿನಲ್ಲಿ ನಡೆಯಲಿ. 25 ಮೀಟರ್ ಪಿಸ್ತೂಲು, 50 ಮೀಟರ್ ರೈಫಲ್ ಮುಂತಾದ ಸ್ಪರ್ಧೆಗಳಲ್ಲಿ ಮುಂದುವರಿಯುವ ಅಪರೂಪದ ಪ್ರತಿಭಾವಂತರ ಪ್ರಶ್ನೆ ಬೇರೆ; ಅವರ ಸ್ಪರ್ಧೆಯ ದಾಖಲೆಗಳೇ ಅವರ ಪರವಾಗಿ ಮಾತನಾಡುತ್ತವೆ. ಆಕ್ಷೇಪವಿರುವುದು ಎರಡು ವರ್ಷದ ಸದಸ್ಯತ್ವದ ರಸೀದಿಗಳನ್ನು ಜೋಡಿಸಿಟ್ಟುಕೊಂಡು, ಬಾಯಲ್ಲಿ ಕ್ರೀಡೆಯೆಂದು ಹೇಳಿ, ಮನಸ್ಸಿನಲ್ಲಿ ಕಳ್ಳನ ಎದೆಯನ್ನು ನೆನೆಯುವವರ ವಿಷಯದಲ್ಲಿ.

ಅಂಥವನು ಮೊದಲು ಮುರಿಯುವುದು ಅಹಿಂಸಾಣುವ್ರತವನ್ನಲ್ಲ, ಸತ್ಯಾಣುವ್ರತವನ್ನು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು; ಸುಳ್ಳು ಅಭಿಪ್ರಾಯವನ್ನು ಬರಹಕ್ಕಿಳಿಸುವುದು ಎಂದು ಅದರ ತಾತ್ಪರ್ಯ. ಪರವಾನಗಿಯ ಅರ್ಜಿಯಲ್ಲಿ ಉದ್ದೇಶವನ್ನು ನಮೂದಿಸುವ ಅಂಕಣವಿದೆ. ಅಲ್ಲಿ ‘ಗುರಿ ಅಭ್ಯಾಸಕ್ಕಾಗಿ’ ಎಂದು ಬರೆದು ಸಹಿ ಮಾಡಿದವನ ಮನಸ್ಸಿನಲ್ಲಿ ಬೇರೆ ಉದ್ದೇಶವಿದ್ದರೆ ಆ ಹಾಳೆ ಕೂಟಲೇಖವಲ್ಲದೆ ಮತ್ತೇನು? ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯನ್ನು ತಿದ್ದಲು ಹಿಂಜರಿಯುವ ವ್ಯಾಪಾರಿ ಈ ಅಂಕಣದಲ್ಲಿ ಹಿಂಜರಿಯದಿದ್ದರೆ, ಅವನ ಪ್ರಾಮಾಣಿಕತೆಗೆ ತೆರಿಗೆ ಇಲಾಖೆಯ ಅಂಜಿಕೆಯೇ ಕಾರಣವಾಗಿತ್ತೆಂದು ಹೇಳಬೇಕಾಗುತ್ತದೆ.

ಎರಡನೆಯದು ಅಪಧ್ಯಾನ. ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿಗೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮುಖ ಸ್ಥಾನ ಕೊಟ್ಟಿದ್ದಾರೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡ ಐದು ಬಗೆಯದು. ಇತರರಿಗೆ ಕೇಡಾಗಲಿ, ವಧೆಯಾಗಲಿ ಎಂದು ಮನಸ್ಸಿನಲ್ಲಿ ಚಿಂತಿಸುವುದೇ ಅಪಧ್ಯಾನ. ಗುರಿಯ ಹಲಗೆಯನ್ನು ನೋಡುತ್ತ ಅದರಲ್ಲಿ ಮನುಷ್ಯನನ್ನು ಕಲ್ಪಿಸಿಕೊಳ್ಳುವವನ ಅಭ್ಯಾಸ ಕ್ರೀಡೆಯಾಗಿ ಉಳಿಯುವುದಿಲ್ಲ. ಸಂಕಲ್ಪಹಿಂಸೆಯ ಭೀಕರತೆಯನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯ ಅರಸ ಬಲಿಕೊಟ್ಟದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಫಲ ಅವನನ್ನು ಭವಭವಾಂತರಗಳಲ್ಲಿ ಬೆನ್ನಟ್ಟಿತು. ಹಿಟ್ಟಿನ ಕೋಳಿಯ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವ ಮನೆಯಲ್ಲಿ ಹಲಗೆಯ ಮನುಷ್ಯನನ್ನು ಕೊಲ್ಲುವ ಅಭ್ಯಾಸಕ್ಕೆ ಎಡೆಯೆಲ್ಲಿ?

ಪಿಸ್ತೂಲಿನ ಪರವಾಗಿ ವಾದಿಸುವವರ ಪ್ರಬಲವಾದ ಆಧಾರ ವಿರೋಧೀ ಹಿಂಸೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣ ತ್ಯಜಿಸಬೇಕೆಂದೂ ಉಳಿದವನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕೆಂದೂ ಧರ್ಮವು ಬೋಧಿಸುತ್ತದೆ. ದುಷ್ಟನು ಮೇಲೆ ಬಿದ್ದಾಗ ಪ್ರತಿರೋಧಿಸುವುದು ಶ್ರಾವಕನಿಗೆ ನಿಷಿದ್ಧವಲ್ಲ. ಗಂಗರ ಸೇನಾನಿ ಚಾವುಂಡರಾಯ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಜಿನಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದ. ಖಡ್ಗ ಹಿಡಿದವರು ಪರಮಶ್ರಾವಕರೆನಿಸಿದ ನಾಡಿನಲ್ಲಿ ಪಿಸ್ತೂಲು ಹಿಡಿದವನು ಮಾತ್ರ ಏಕೆ ಅಪರಾಧಿ ಎಂದು ಅವರು ಕೇಳುತ್ತಾರೆ.

ಪ್ರಶ್ನೆ ಗಂಭೀರವಾದುದು, ಉತ್ತರವೂ ಗಂಭೀರವಾಗಿಯೇ ಇರಬೇಕು. ಚಾವುಂಡರಾಯನೂ ಗಂಗರಾಜನೂ ರಾಜ್ಯದ ಸೇವಕರು. ಅವರ ಖಡ್ಗದ ಹಿಂದೆ ಅರಸನ ಆಜ್ಞೆಯಿತ್ತು, ಪ್ರಜಾರಕ್ಷಣೆಯ ಹೊಣೆಯಿತ್ತು. ಇಂದು ಆ ಸ್ಥಾನದಲ್ಲಿರುವವನು ಸೈನಿಕ ಮತ್ತು ಪೊಲೀಸ್ ಪೇದೆ. ಜೈನ ಯುವಕನು ಸೇನೆಗೆ ಸೇರಿದರೆ ಅವನನ್ನು ಯಾರೂ ಹಳಿಯುವುದಿಲ್ಲ, ಹಳಿಯಲೂ ಬಾರದು. ಗಿರಣಿಯ ಮಾಲೀಕನ ಖಾಸಗಿ ರಿವಾಲ್ವರಿಗೂ ದಂಡನಾಯಕನ ಖಡ್ಗಕ್ಕೂ ಸಾಮ್ಯವಿಲ್ಲ. ಅಲ್ಲದೆ ವಿರೋಧೀ ಹಿಂಸೆ ಎಂಬುದು ಅನಿವಾರ್ಯವಾಗಿ ಬಂದೊದಗಿದ ಸನ್ನಿವೇಶದ ಮಾತು. ಆ ಸನ್ನಿವೇಶ ಬರಲಿದೆಯೆಂದು ಮುಂಚಿತವಾಗಿಯೇ ಕೊಲ್ಲುವ ಸಾಧನವನ್ನು ಕೊಂಡು, ಅದಕ್ಕೆ ತೋಟಾ ತುಂಬಿ, ದಿನವೂ ಸೊಂಟದಲ್ಲಿ ಧರಿಸುವುದು ಅನಿವಾರ್ಯತೆಯಲ್ಲ, ಅದು ಸಿದ್ಧತೆ. ಬಾಗಿಲಿಗೆ ಅಗುಳಿ ಹಾಕುವುದೂ ಸಿದ್ಧತೆಯೇ, ಆದರೆ ಅಗುಳಿ ಯಾರನ್ನೂ ಕೊಲ್ಲದು. ಕೊಲ್ಲದ ಸಾಧನಗಳೆಲ್ಲ ಮುಗಿದ ಮೇಲಷ್ಟೇ ವಿರೋಧೀ ಹಿಂಸೆಯ ಮಾತು ಬರಬೇಕು. ಅಂಗಡಿಯಲ್ಲಿ ಕ್ಯಾಮೆರಾ ಇಲ್ಲ, ತಿಜೋರಿ ಗಟ್ಟಿಯಿಲ್ಲ, ದಿನದ ಹಣವನ್ನು ಅಂದೇ ಬ್ಯಾಂಕಿಗೆ ಕಟ್ಟುವ ಶಿಸ್ತಿಲ್ಲ. ಆದರೆ ಪಿಸ್ತೂಲಿಗೆ ಅರ್ಜಿ ಸಿದ್ಧ. ಇದು ವಿರೋಧೀ ಹಿಂಸೆಯ ಲಕ್ಷಣವಲ್ಲ.

ಇನ್ನು ಆಯುಧವು ರಕ್ಷಣೆ ಕೊಡುತ್ತದೆ ಎಂಬ ನಂಬಿಕೆಯನ್ನೇ ಪರೀಕ್ಷಿಸಬೇಕು. ಪರವಾನಗಿದಾರನು ಆಯುಧವನ್ನು ಬೀಗದೊಳಗೆ, ಮಕ್ಕಳ ಮತ್ತು ಅನ್ಯರ ಕೈಗೆ ಸಿಗದಂತೆ ಇಡಬೇಕು. ಹಾಗೆ ಇಟ್ಟರೆ ನಡುರಾತ್ರಿ ಬಾಗಿಲು ಮುರಿದು ಬಂದವನ ಎದುರಿಗೆ ಅದು ಉಪಯೋಗಕ್ಕೆ ಬಾರದು. ಬೀಗದ ಕೈ ಹುಡುಕುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಉಪಯೋಗಕ್ಕೆ ಬರಲೆಂದು ತೋಟಾ ತುಂಬಿ ದಿಂಬಿನ ಕೆಳಗೋ ಗಾದಿಯ ಕೆಳಗೋ ಇಟ್ಟರೆ, ಬರೆದುಕೊಟ್ಟ ಮುಚ್ಚಳಿಕೆಗೆ ದ್ರೋಹವಾಯಿತು, ಮನೆಯ ಮಗುವಿನ ಪ್ರಾಣಕ್ಕೆ ಸಂಚಕಾರವಾಯಿತು. ನಿಯಮ ಪಾಲಿಸಿದವನಿಗೆ ರಕ್ಷಣೆಯಿಲ್ಲ, ರಕ್ಷಣೆ ಬಯಸಿದವನಿಗೆ ನಿಯಮಪಾಲನೆಯಿಲ್ಲ. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಪಿಸ್ತೂಲಿನ ಪಕ್ಷಪಾತಿಗಳು ತೋರಿಸಬೇಕು.

ಪ್ರಾಚೀನ ಆಚಾರ್ಯರು ಈ ಸೂಕ್ಷ್ಮವನ್ನು ಕಂಡಿದ್ದರು. ಶ್ವೇತಾಂಬರ ಪರಂಪರೆಯಲ್ಲಿ ಆಚಾರ್ಯ ಹೇಮಚಂದ್ರರ ಯೋಗಶಾಸ್ತ್ರವು ಅನರ್ಥದಂಡದ ಅತಿಚಾರಗಳಲ್ಲಿ ಸಂಯುಕ್ತಾಧಿಕರಣವನ್ನು ಹೇಳುತ್ತದೆ. ಹಿಂಸೆಗೆ ಸಾಧನವಾಗಬಲ್ಲ ವಸ್ತುವಿನ ಭಾಗಗಳನ್ನು ಜೋಡಿಸಿ ಸಿದ್ಧವಾಗಿ ಇಡಬಾರದೆಂದು ಅದರ ಅರ್ಥ. ಒರಳಿನೊಡನೆ ಒನಕೆ, ನೇಗಿಲಿನೊಡನೆ ಗುಳ, ಬಿಲ್ಲಿನೊಡನೆ ಬಾಣವನ್ನು ಕೂಡಿಸಿಡುವುದು ಇದಕ್ಕೆ ಕೊಡುವ ಉದಾಹರಣೆಗಳು. ಒನಕೆಯ ವಿಷಯದಲ್ಲಿಯೇ ಇಷ್ಟು ಎಚ್ಚರ ಹೇಳಿದ ಪರಂಪರೆ, ತೋಟಾ ತುಂಬಿ ಕುದುರೆ ಎಳೆಯಲು ಸಿದ್ಧವಾಗಿರುವ ರಿವಾಲ್ವರನ್ನು ಕಂಡರೆ ಏನೆಂದೀತು? ಅದೇ ಪರಂಪರೆ ಶ್ರಾವಕನು ತ್ಯಜಿಸಬೇಕಾದ ಹದಿನೈದು ವ್ಯಾಪಾರಗಳಲ್ಲಿ ವಿಷವಾಣಿಜ್ಯವನ್ನು ಹೇಳಿ, ಅದರಲ್ಲಿ ಶಸ್ತ್ರಗಳ ಮಾರಾಟವನ್ನೂ ಸೇರಿಸಿತು. ದಿಗಂಬರ ಪರಂಪರೆಯ ಹಿಂಸಾದಾನ ನಿಷೇಧದ ಆಶಯವೂ ಇದೇ: ಕೊಲ್ಲುವ ಸಾಧನವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗದಿರಲಿ.

ಆಧುನಿಕ ಅಧ್ಯಯನಗಳು ಈ ಎಚ್ಚರವನ್ನು ಅಂಕಿಗಳಲ್ಲಿ ಸಮರ್ಥಿಸುತ್ತವೆ. ಅಮೆರಿಕದ ವೈದ್ಯಕೀಯ ಪತ್ರಿಕೆ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬಂದೂಕುಳ್ಳ ಮನೆಗಳಲ್ಲಿ ಕೊಲೆಯ ಸಂಭವ ಬಂದೂಕಿಲ್ಲದ ಮನೆಗಳಿಗಿಂತ ಸುಮಾರು 2.7 ಪಟ್ಟು ಹೆಚ್ಚೆಂದು ಕಂಡಿತು. ಅದೇ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಕ್ಯಾಲಿಫೋರ್ನಿಯದ ಸುಮಾರು 2.6 ಕೋಟಿ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿತು. ಕೈಬಂದೂಕು ಹೊಂದಿದ್ದ ಪುರುಷರು ಗುಂಡು ಹಾರಿಸಿಕೊಂಡು ಪ್ರಾಣ ಕಳೆದುಕೊಳ್ಳುವ ಪ್ರಮಾಣ ಹೊಂದಿಲ್ಲದವರಿಗಿಂತ ಸುಮಾರು 8 ಪಟ್ಟು, ಮಹಿಳೆಯರಲ್ಲಿ ಸುಮಾರು 35 ಪಟ್ಟು ಅಧಿಕವಾಗಿತ್ತು. ಅಮೆರಿಕದ ಪರಿಸ್ಥಿತಿ ಬೇರೆ ಎಂದು ಹೇಳಬಹುದು. ಆದರೆ ಬೆಳೆ ಕೈಕೊಟ್ಟ ವರ್ಷ, ಬಾಕಿ ಬಾರದೆ ದಿವಾಳಿಯಂಚಿಗೆ ಬಂದ ಅಡತಿ, ಕುಟುಂಬದ ಪಾಲಿನ ಜಗಳ, ಪರೀಕ್ಷೆಯಲ್ಲಿ ಸೋತ ಮಗ, ಇವು ಸಿಂಧನೂರಿನಲ್ಲಿಯೂ ಇವೆ. ಇಂತಹ ಒಂದು ರಾತ್ರಿಯಲ್ಲಿ ಮನುಷ್ಯನ ಮನಸ್ಸಿಗೆ ಬೇಕಾದುದು ಸ್ವಲ್ಪ ಕಾಲಾವಕಾಶ. ಪಿಸ್ತೂಲು ಆ ಅವಕಾಶವನ್ನೇ ಕಸಿದುಕೊಳ್ಳುತ್ತದೆ. ಕಳ್ಳನಿಗಾಗಿ ತಂದದ್ದು ಮನೆಯವರ ಮೇಲೆಯೇ ಪ್ರಯೋಗವಾಗುವ ಸಂಭವ ಹೆಚ್ಚೆಂಬುದು ಈ ಅಂಕಿಗಳ ಸಾರ.

ಕಲ್ಯಾಣ ಕರ್ನಾಟಕದ ಅನುಭವವನ್ನು ಎತ್ತಿ ಹೇಳುವವರೂ ಇದ್ದಾರೆ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟವರ, ಗಡಿಯ ಶಿಬಿರಗಳಲ್ಲಿ ಹೋರಾಡಿದವರ ನೆನಪು ಹಿರಿಯರ ಮನೆಗಳಲ್ಲಿ ಇನ್ನೂ ಉಳಿದಿದೆ. ಆ ದಿನಗಳಲ್ಲಿ ಆಳುವ ವ್ಯವಸ್ಥೆಯೇ ಪ್ರಜೆಗಳ ವಿರುದ್ಧ ನಿಂತಿತ್ತು. ಇಂದು ಠಾಣೆಯಿದೆ, ನ್ಯಾಯಾಲಯವಿದೆ, ಮತ ಹಾಕುವ ಹಕ್ಕಿದೆ. ಅಂದಿನ ಅನಿವಾರ್ಯತೆಯನ್ನು ಇಂದಿನ ಅನುಕೂಲಕ್ಕೆ ಸಾಕ್ಷಿಯಾಗಿ ಕರೆಯುವುದು ಅಂದು ನೊಂದವರಿಗೆ ಗೌರವ ತರುವ ಕೆಲಸವಲ್ಲ.

2025ರ ಜನವರಿಯಲ್ಲಿ ಬೀದರ್ ನಗರದಲ್ಲಿ ಎಟಿಎಂಗೆ ಹಣ ತುಂಬಲು ಬಂದ ವಾಹನದ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡು ಹಾರಿಸಿ ದರೋಡೆಕೋರರು ಹಣ ದೋಚಿದ ಘಟನೆಯೂ ಈ ವಾದದಲ್ಲಿ ಉಲ್ಲೇಖಕ್ಕೆ ಬರಬಹುದು. ಪ್ರಾಣ ಕಳೆದುಕೊಂಡ ನೌಕರನ ಕುಟುಂಬದ ದುಃಖವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರಿಂದ ಕಲಿಯಬೇಕಾದ ಪಾಠ, ದೊಡ್ಡ ಮೊತ್ತದ ಹಣ ಸಾಗಿಸುವ ಸಂಸ್ಥೆಗಳು ತರಬೇತಾದ ಕಾವಲಿನ ವ್ಯವಸ್ಥೆಯನ್ನು ಕಡ್ಡಾಯವಾಗಿ ಮಾಡಬೇಕೆಂಬುದು. ಪ್ರತಿಯೊಬ್ಬ ಅಂಗಡಿಯವನೂ ಸೊಂಟಕ್ಕೆ ಪಿಸ್ತೂಲು ಕಟ್ಟಬೇಕೆಂಬುದಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಿನಲ್ಲೇ ಗುಂಡಿಟ್ಟು ಕೊಂದರು. ಹಂತಕ ಬಂದದ್ದು ಭೇಟಿಗೆ ಬಂದವನ ವೇಷದಲ್ಲಿ. ಹಾಗೆ ಬರುವವನ ಎದುರಿಗೆ ಕಪಾಟಿನೊಳಗಿನ ಪಿಸ್ತೂಲು ಏನು ಮಾಡೀತು? ಮನೆಗೆ ಬಂದವರನ್ನೆಲ್ಲ ಪಿಸ್ತೂಲು ಹಿಡಿದೇ ಎದುರುಗೊಳ್ಳುವ ಬದುಕನ್ನು ಬದುಕೆಂದು ಕರೆಯಬಹುದೇ?

ಆಯುಧ ಹೊಂದುವುದು ಪ್ರಜೆಯ ಹಕ್ಕು ಎಂಬ ಮಾತೂ ಕೇಳಿಬರುತ್ತದೆ. ಅಮೆರಿಕದ ಸಂವಿಧಾನದಲ್ಲಿ ಅಂತಹ ಹಕ್ಕಿದೆ. ಭಾರತದ ಸಂವಿಧಾನದಲ್ಲಿ ಇಲ್ಲ. 2023ರ ಫೆಬ್ರುವರಿಯಲ್ಲಿ ಪರವಾನಗಿಯಿಲ್ಲದ ಬಂದೂಕುಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಸರ್ವೋಚ್ಚ ನ್ಯಾಯಾಲಯದ ಪೀಠವೂ ಇದನ್ನೇ ಎತ್ತಿ ತೋರಿಸಿತು. ಒಟ್ಟಾಗಿ ಸೇರುವ ಸ್ವಾತಂತ್ರ್ಯವನ್ನು ಕೊಡುವಾಗಲೂ ಭಾರತದ ಸಂವಿಧಾನದ 19ನೆಯ ವಿಧಿ ಶಾಂತಿಯಿಂದ, ಆಯುಧಗಳಿಲ್ಲದೆ ಸೇರಬೇಕೆಂದು ಷರತ್ತು ಹಾಕಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದು ಆ ಜನರ ಚರಿತ್ರೆಗೂ ಆಚರಣೆಗೂ ಸಂದ ಮನ್ನಣೆ. ಜೈನರ ಚರಿತ್ರೆಯೂ ಆಚರಣೆಯೂ ಅವರಿಗೆ ತಂದುಕೊಟ್ಟ ಮನ್ನಣೆ ಬೇರೆ ಬಗೆಯದು. ಯಾವ ಊರಿನಲ್ಲಾದರೂ ಜೈನರ ಮನೆಯೆಂದರೆ ಇರುವೆಗೂ ಭಯವಿಲ್ಲದ ಮನೆಯೆಂದು ನೆರೆಯವರು ನಂಬುತ್ತಾರೆ. ಆ ನಂಬಿಕೆ ಶತಮಾನಗಳ ಸಂಪಾದನೆ. ಅದನ್ನು ಕಳೆದುಕೊಂಡರೆ ಯಾವ ಕಚೇರಿಯೂ ನವೀಕರಿಸಿಕೊಡದು.

ಬಸದಿಗಳ, ಮಂದಿರಗಳ ಆಡಳಿತ ಮಂಡಳಿಗಳಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ವಿಗ್ರಹಗಳ ಕಳವು ನಿಜವಾದ ಆತಂಕ. ಪಂಚಲೋಹದ ಪ್ರತಿಮೆಗಳ ಮೇಲೆ ಕಳ್ಳರ ಕಣ್ಣಿರುವುದು ಸುಳ್ಳಲ್ಲ. ಆದರೆ ವೀತರಾಗನ ಬಿಂಬವನ್ನು ಕಾಯಲು ಬಂದೂಕನ್ನು ಕೊಳ್ಳುವ ಮಂಡಳಿ ತಾನು ಕಾಯುತ್ತಿರುವುದೇನೆಂಬುದನ್ನೇ ಮರೆತಂತೆ. ನಿರಾಭರಣನೂ ನಿರಾಯುಧನೂ ಆದ ಜಿನನ ಸನ್ನಿಧಿಯಲ್ಲಿ ಆಯುಧಕ್ಕೆ ಸ್ಥಾನವಿಲ್ಲ. ಮಾಡಬೇಕಾದ ಕೆಲಸಗಳು ಬೇರೆ ಇವೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪ್ರಾಚೀನ ವಿಗ್ರಹಗಳನ್ನು ಛಾಯಾಚಿತ್ರಸಹಿತ ನೋಂದಾಯಿಸಬೇಕು. ನೋಂದಾಯಿತ ವಿಗ್ರಹವನ್ನು ಮಾರುವುದು ಕಳ್ಳನಿಗೆ ಕಷ್ಟ. ಬೆಳ್ಳಿ ಬಂಗಾರದ ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಪರ್ವದಿನಗಳಲ್ಲಿ ಮಾತ್ರ ತರಬೇಕು. ಹುಂಡಿಯ ಹಣವನ್ನು ವಾರಕ್ಕೊಮ್ಮೆಯಾದರೂ ಎಣಿಸಿ ಖಾತೆಗೆ ಕಟ್ಟಬೇಕು. ಗಟ್ಟಿ ಬಾಗಿಲು, ಬೆಳಕು, ಕ್ಯಾಮೆರಾ, ಎಚ್ಚರಿಕೆ ಗಂಟೆ, ನ್ಯಾಯವಾದ ಸಂಬಳ ಪಡೆಯುವ ಕಾವಲುಗಾರ, ಠಾಣೆಯೊಡನೆ ಸಂಪರ್ಕ, ಇವು ಸಾಲದಾದಾಗ ಹೆಚ್ಚಿನ ರಕ್ಷಣೆಯನ್ನು ಪೊಲೀಸರಿಂದಲೇ ಕೇಳಬೇಕು.

ಮಂಡಳಿಗಳು ಇನ್ನೂ ಮೂರು ನಿರ್ಣಯಗಳನ್ನು ಕೈಗೊಳ್ಳಬಹುದು. ಸಮುದಾಯ ಭವನವನ್ನು ಮದುವೆ ಮುಂಜಿಗಳಿಗೆ ಬಾಡಿಗೆಗೆ ಕೊಡುವ ಕರಾರಿನಲ್ಲಿ, ಪರವಾನಗಿಯಿದ್ದರೂ ಆವರಣದೊಳಗೆ ಬಂದೂಕು ತರುವಂತಿಲ್ಲವೆಂಬ ಷರತ್ತನ್ನು ಸೇರಿಸಬೇಕು. 2019ರ ತಿದ್ದುಪಡಿಯಂತೆ ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವವರಿಗೆ 2 ವರ್ಷಗಳವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಎರಡನೆಯದಾಗಿ, ಧರ್ಮನಿಧಿಯ ಒಂದು ಪೈಸೆಯೂ ಆಯುಧಕ್ಕಾಗಲಿ ತೋಟಾಗಳಿಗಾಗಲಿ ವ್ಯಯವಾಗಬಾರದು. ಯುವಕರ ಕ್ರೀಡೆಗೆ ನೆರವಾಗಬೇಕಿದ್ದರೆ ಏರ್ ಪಿಸ್ತೂಲು, ಏರ್ ರೈಫಲ್‌ಗಳ ಅಭ್ಯಾಸಕ್ಕೆ ನೆರವಾಗಲಿ. ಮೂರನೆಯದಾಗಿ, ಮಂಡಳಿಯ ಸದಸ್ಯರಾಗುವವರು ತಮ್ಮ ಮನೆಯಲ್ಲಿ ಬಂದೂಕಿಲ್ಲವೆಂದು, ಇದ್ದರೆ ಅದನ್ನು ತ್ಯಜಿಸುವೆವೆಂದು ಜಿನಬಿಂಬದ ಎದುರು ಸ್ವಇಚ್ಛೆಯಿಂದ ನಿಯಮ ಸ್ವೀಕರಿಸಬೇಕು. ಹಿರಿಯರು ಮೊದಲು ನಡೆದು ತೋರಿಸದ ದಾರಿಯಲ್ಲಿ ಕಿರಿಯರು ನಡೆಯಲಾರರು.

ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಬಂದೂಕು ಗೋಡೆಗೆ ತೂಗುಹಾಕಿರಬಹುದು. ಅದು ನೆನಪಿನ ವಸ್ತುವೆಂಬ ಮಮತೆ ಸಹಜ. ಆದರೆ ತಂದೆಯ ಪರವಾನಗಿ ಮಗನಿಗೆ ತಾನಾಗಿಯೇ ವರ್ಗವಾಗುವುದಿಲ್ಲ. ಪರವಾನಗಿದಾರ ತೀರಿಕೊಂಡ ಮೇಲೆ ಆಯುಧವನ್ನು ಸುಮ್ಮನೆ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅದನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿಯಿಟ್ಟು, ಮತ್ತೆ ಪಡೆಯದಿರುವ ಸಂಕಲ್ಪ ಮಾಡುವುದೇ ಮೇಲು. ಪ್ರತಿ ಚುನಾವಣೆಯ ಕಾಲದಲ್ಲಿ ಜಿಲ್ಲಾಡಳಿತದ ಆದೇಶದಂತೆ ಬಂದೂಕನ್ನು ಠಾಣೆಗೆ ಒಪ್ಪಿಸಿ ವಾರಗಟ್ಟಲೆ ಅದಿಲ್ಲದೆ ನಿಶ್ಚಿಂತೆಯಿಂದ ನಿದ್ರಿಸಿದವರು, ಉಳಿದ ದಿನಗಳಲ್ಲಿಯೂ ಹಾಗೆಯೇ ನಿದ್ರಿಸಬಲ್ಲರು. ಪರಿಗ್ರಹ ಪರಿಮಾಣ ವ್ರತದ ದೃಷ್ಟಿಯಿಂದ ನೋಡಿದರೂ ಸರ್ಕಾರ ಹಾಕಿದ ಮಿತಿ ಎರಡು ಬಂದೂಕು. ಶ್ರಾವಕನು ತಾನೇ ಹಾಕಿಕೊಳ್ಳಬೇಕಾದ ಮಿತಿ ಸೊನ್ನೆ.

ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ಆಯುಧಗಳನ್ನು ಸಾಕಷ್ಟು ಕಂಡಿದೆ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಧಾರಿಗಳು ಕಾದಿದರು. ಆದಿಲಶಾಹಿಯ ಫಿರಂಗಿಗಳು ಗರ್ಜಿಸಿದವು. ಮುದಗಲ್ಲಿನ ಕೋಟೆ ಎಷ್ಟೋ ಬಾರಿ ಕೈ ಬದಲಿಸಿತು. ಆ ಬಂದೂಕುಗಳೆಲ್ಲ ತುಕ್ಕು ಹಿಡಿದು ಮಣ್ಣಾದವು. ಅದೇ ನೆಲದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಶಾಸನ ಇಂದಿಗೂ ಉಳಿದಿದೆ. ದೇವಾನಾಂಪ್ರಿಯನೆಂಬ ಅರಸನ ಹೆಸರು ಅಶೋಕ ಎಂಬುದು ಜಗತ್ತಿಗೆ ಖಚಿತವಾದದ್ದು ಆ ಬಂಡೆಯಿಂದ. ಕಳಿಂಗದ ಯುದ್ಧದಲ್ಲಿ ಲಕ್ಷ ಜನರ ಸಾವನ್ನು ಕಂಡು ಪಶ್ಚಾತ್ತಾಪಪಟ್ಟು, ಆ ಪಶ್ಚಾತ್ತಾಪವನ್ನು ತನ್ನ ಬೇರೊಂದು ಶಾಸನದಲ್ಲಿ ಕಲ್ಲಿನ ಮೇಲೆ ಬರೆಸಿದ ಅರಸನವನು. ಅವನ ಬಳಿ ಸೇನೆಯಿತ್ತು, ಅವನಿಗೆ ಯಾರ ಪರವಾನಗಿಯೂ ಬೇಕಿರಲಿಲ್ಲ.

ಬರುವ ದಶಲಕ್ಷಣ ಮತ್ತು ಪರ್ಯೂಷಣ ಪರ್ವಗಳಲ್ಲಿ ಪ್ರತಿಯೊಂದು ಊರಿನ ಸಮಾಜವೂ ಸಭೆ ಸೇರುತ್ತದೆ. ಪರಸ್ಪರ ಕ್ಷಮೆ ಯಾಚಿಸುತ್ತದೆ. ಎಲ್ಲ ಜೀವಿಗಳೊಡನೆ ಮೈತ್ರಿಯಿದೆ, ಯಾರೊಡನೆಯೂ ವೈರವಿಲ್ಲವೆಂದು ಕೈಮುಗಿದು ನುಡಿಯುವ ಶ್ರಾವಕನು, ಆ ಕೈಗಳು ಮನೆಯ ಕಪಾಟಿನಲ್ಲಿ ಏನನ್ನು ಬೀಗ ಹಾಕಿಟ್ಟು ಬಂದಿವೆಯೆಂಬುದನ್ನು ನೆನೆಯಬೇಕು. ಅರ್ಜಿ ಬರೆಯಲು ಕುಳಿತವನು ಉದ್ದೇಶದ ಅಂಕಣದ ಎದುರು ಲೇಖನಿಯನ್ನು ಕ್ಷಣಕಾಲ ನಿಲ್ಲಿಸಿ, ಅಲ್ಲಿ ಬರೆಯಬೇಕಾದ ನಿಜವಾದ ಉದ್ದೇಶವನ್ನು ತಾನು ಮುನಿಗಳ ಎದುರಿನಲ್ಲಿ ಓದಿ ಹೇಳಬಲ್ಲೆನೇ ಎಂದು ಕೇಳಿಕೊಳ್ಳಲಿ. ಹೇಳಲಾರದಿದ್ದರೆ ಆ ಅರ್ಜಿ ರಾಯಚೂರಿನವರೆಗೆ ಹೋಗಬೇಕಾಗಿಲ್ಲ.